ತಿಕ್ಕುವ ಮೊದಲು: ಹಳೆ ಪೈಪು, ಚಿಲುಮಿ, ಗುಡಗುಡಿ ಸವೆಯುವ ಬಗೆ

ಹೋದ ವರ್ಷ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅಟ್ಟದ ಮೇಲಿದ್ದ ಮುತ್ಯಾನ ಟ್ರಂಕು ಕೆಳಗಿಳಿಸಿದೆ. ಒಳಗೆ ಮೂರು ಸಾಮಾನು ಸಿಕ್ಕವು. ಒಂದು ಮಣ್ಣಿನ ಚಿಲುಮಿ. ಒಂದು ಕಟ್ಟಿಗೆಯ ಪೈಪು. ಮುತ್ಯಾ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸದಲ್ಲಿದ್ದಾಗ ವರ್ಗವಾದ ಸಾಹೇಬರೊಬ್ಬರು ಕೊಟ್ಟು ಹೋದದ್ದು. ಮೂರನೆಯದು ಬಿದ್ರಿ ಕೆಲಸದ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಚಿತ್ತಾರ ಕೂರಿಸಿದ, ಗುಡಗುಡಿಯ ಬುಡ. ಹುಕ್ಕಾದಲ್ಲಿ ನೀರು ತುಂಬುವ ಭಾಗ ಅದು. ಅದು ಅಜ್ಜಿಯ ತವರಿನಿಂದ ಬಂದಿತ್ತಂತೆ.

ಮೂರೂ ಮಾಸಿ ಕಪ್ಪಾಗಿದ್ದವು. ಅಡುಗೆಮನೆಯಲ್ಲಿ ಅವ್ವ ಹಿತ್ತಾಳೆ ಪಾತ್ರೆಗೆಂದು ಹುಣಸೆಹಣ್ಣು ನೆನೆಸಿಟ್ಟಿದ್ದಳು. ನಾನು ಒಂದು ಮುಷ್ಟಿ ತಂದು ಬಿದ್ರಿ ಬುಡಕ್ಕೆ ಹಚ್ಚಿ ತಿಕ್ಕಿದೆ. ಬೆಳ್ಳಿಯ ಬಳ್ಳಿ ಫಳಫಳ ಹೊಳೆಯಿತು. ಖುಷಿಯಿಂದ ಇನ್ನಷ್ಟು ತಿಕ್ಕಿದೆ. ತೊಳೆದು ನೋಡಿದರೆ ಅಂಗೈ ಅಗಲದ ಜಾಗದಲ್ಲಿ ಕಪ್ಪೇ ಇಲ್ಲ! ಬೂದು ಬಣ್ಣದ ಲೋಹ ಇಣುಕುತ್ತಿತ್ತು. ಬೆಳ್ಳಿ ಎಲ್ಲಿ ಮುಗಿಯಿತು, ಹಿನ್ನೆಲೆ ಎಲ್ಲಿ ಶುರುವಾಯಿತು ಎಂದು ಗೊತ್ತೇ ಆಗದಂತಾಯಿತು.

ರೈಲು ಹತ್ತಿ ಬೀದರ್‌ಗೆ ಹೋದೆ. ಚೌಬಾರಾ ಹತ್ತಿರದ ಒಂದು ಅಂಗಡಿಯಲ್ಲಿ ಹಿರಿಯ ಕುಶಲಕರ್ಮಿಯೊಬ್ಬರು ಅದನ್ನು ಕೈಗೆ ತಗೊಂಡು ತಿರುಗಿಸಿ ನೋಡಿ, "ಹುಣಸಿಹಣ್ಣು ಹಚ್ಚೀರೇನ್ರಿ?" ಎಂದರು. ನಾನು ತಲೆ ತಗ್ಗಿಸಿದೆ. "ಇದು ಕೊಳಿ ಅಲ್ರಿ ಸಾಹೇಬ್ರ, ಇದೇ ಮಾಲು" ಎಂದು ನಕ್ಕರು.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಹೊಗೆ ಸೇದುವ ಸಾಮಾನುಗಳ ಮೇಲೆ ಬಳಕೆ ಬಿಟ್ಟುಹೋದ ಪದರಗಳಲ್ಲಿ ಕೆಲವು ಕೊಳೆ, ಕೆಲವು ಮಾಲು. ಯಾವುದು ಯಾವುದು ಎಂದು ತಿಳಿಯಬೇಕಾದರೆ ಆ ಪದರ ಯಾಕೆ ಬಂತು ಎಂದು ಗೊತ್ತಿರಬೇಕು. ಮಣ್ಣು, ಕಟ್ಟಿಗೆ, ರಬ್ಬರು, ಲೋಹ ಒಂದೊಂದೂ ತನ್ನದೇ ರೀತಿಯಲ್ಲಿ ಹಳತಾಗುತ್ತದೆ.

ಪೈಪಿನಿಂದ ಶುರು ಮಾಡೋಣ. ಹೇಳುವುದು ಜಾಸ್ತಿ ಇರುವುದು ಅದರಲ್ಲೇ.

ಒಳ್ಳೆಯ ಪೈಪುಗಳನ್ನು ಬ್ರಯರ್ ಎಂಬ ಕಟ್ಟಿಗೆಯಿಂದ ಮಾಡುತ್ತಾರೆ. ಇದು ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ಬೆಳೆಯುವ ಒಂದು ಪೊದೆ ಮರ. ಕಾಂಡ ಮತ್ತು ಬೇರು ಕೂಡುವ ಕಡೆ, ನೆಲದೊಳಗೆ ದಪ್ಪ ಗಂಟು ಕಟ್ಟುತ್ತದೆ. ಪೈಪಿಗೆ ಬೇಕಾದದ್ದು ಆ ಗಂಟು ಮಾತ್ರ. ಅದು ಬಲಿಯಲು ಹತ್ತಾರು ವರ್ಷ ಬೇಕು. ಅಗೆದು ತೆಗೆದು, ತುಂಡು ಮಾಡಿ, ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ ಒಗರು ರಸ ತೆಗೆಯುತ್ತಾರೆ. ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೆರಳಿನಲ್ಲಿ ಒಣಗಿಸುತ್ತಾರೆ. ಫ್ರಾನ್ಸಿನ ಸೇಂಟ್ ಕ್ಲೋಡ್ ಎಂಬ ಊರು 1850ರ ದಶಕದಿಂದ ಈ ಕೆಲಸಕ್ಕೆ ಹೆಸರಾಯಿತು. ಇಷ್ಟೆಲ್ಲ ಯಾಕೆ ಅಂದರೆ, ಈ ಗಂಟು ಬೇರೆ ಕಟ್ಟಿಗೆಗಿಂತ ಬೆಂಕಿಯನ್ನು ಚೆನ್ನಾಗಿ ತಡೆಯುತ್ತದೆ. ತಡೆಯುತ್ತದೆ ಅಷ್ಟೆ, ಕೊನೆಗೆ ಅದೂ ಕಟ್ಟಿಗೆಯೇ ಅಲ್ವಾ?

ತಂಬಾಕಿನ ಕೆಂಡ ನೂರಾರು ಡಿಗ್ರಿ ಬಿಸಿ ಇರುತ್ತದೆ. ಅದನ್ನು ಕಟ್ಟಿಗೆಯ ಬಟ್ಟಲಿನಲ್ಲಿಟ್ಟು ವರ್ಷಗಟ್ಟಲೆ ಉರಿಸಿದರೂ ಬಟ್ಟಲು ಸುಟ್ಟುಹೋಗುವುದಿಲ್ಲ. ಇದರಲ್ಲಿ ಅರ್ಧ ಕೆಲಸ ಮಾಡುವುದು ಒಳಗೆ ಕಟ್ಟುವ ಕರಿ ಹಕ್ಕಳೆ. ತಂಬಾಕಿನ ಸಕ್ಕರೆ, ಎಣ್ಣೆ, ಜಿಗಟು ಮಡ್ಡಿ ಎಲ್ಲ ಸುಟ್ಟು ಇದ್ದಿಲಾಗಿ ಬಟ್ಟಲಿನ ಒಳಗೋಡೆಗೆ ಅಂಟುತ್ತದೆ. ಸಲ ಸಲಕ್ಕೆ ಒಂದೊಂದು ಪದರ. ಈ ಇದ್ದಿಲ ಪದರವೇ ಕೆಂಡಕ್ಕೂ ಕಟ್ಟಿಗೆಗೂ ನಡುವೆ ಗೋಡೆಯಾಗಿ ನಿಲ್ಲುತ್ತದೆ. ಸ್ವಲ್ಪ ತೇವವನ್ನೂ ಹೀರಿಕೊಳ್ಳುತ್ತದೆ.

ನಮ್ಮ ಕಡೆಯವರಿಗೆ ಇದನ್ನು ತಿಳಿಸುವುದು ಸುಲಭ. ರೊಟ್ಟಿ ಹಂಚು ನೆನಪು ಮಾಡಿಕೊಳ್ಳಿ. ಹೊಸ ಹಂಚಿನ ಮೇಲೆ ಜೋಳದ ರೊಟ್ಟಿ ಹಿಡಿಯುತ್ತದೆ, ಸೀಯುತ್ತದೆ. ವರ್ಷ ಪಳಗಿದ ಹಂಚಿನ ಮೇಲೆ ಉಬ್ಬಿ ಬರುತ್ತದೆ. ಅಂಥ ಹಂಚನ್ನು ಸೊಸೆ ತಂತಿ ಜುಂಗಿನಿಂದ ತಿಕ್ಕಿ ಬೆಳ್ಳಗೆ ಮಾಡಿದರೆ ಅತ್ತೆ ಸುಮ್ನೆ ಬಿಡುತ್ತಾಳೆಯೇ?

ಆದರೆ ಹೋಲಿಕೆ ಇಲ್ಲಿಗೆ ನಿಲ್ಲಿಸಬೇಕು. ಹಂಚಿನ ಪದರ ತೆಳ್ಳಗೆ ಕಬ್ಬಿಣಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಪೈಪಿನ ಹಕ್ಕಳೆ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಬಿಸಿಯಾದಾಗ ಅದು ಹಿಗ್ಗುವ ಲೆಕ್ಕವೇ ಬೇರೆ, ಕಟ್ಟಿಗೆ ಹಿಗ್ಗುವ ಲೆಕ್ಕವೇ ಬೇರೆ. ಹಕ್ಕಳೆ ದಪ್ಪವಾದರೆ ಒಳಗಿನಿಂದ ಒತ್ತಿ ಬಟ್ಟಲನ್ನೇ ಸೀಳುತ್ತದೆ. ಆದ್ದರಿಂದ ಬಲ್ಲವರು ಅದನ್ನು ಒಂದು ರೂಪಾಯಿ ನಾಣ್ಯದ ದಪ್ಪಕ್ಕೆ, ಹೆಚ್ಚೆಂದರೆ ಒಂದೂವರೆ ಮಿಲಿಮೀಟರಿಗೆ ನಿಲ್ಲಿಸುತ್ತಾರೆ. ಉಳಿದದ್ದನ್ನು ಅದಕ್ಕೆಂದೇ ಇರುವ ದುಂಡನೆಯ ಸಾಧನದಿಂದ ಹೆರೆಯುತ್ತಾರೆ. ಚಾಕು ಹಾಕಬಾರದು. ಚಾಕು ಒಂದೇ ಕಡೆ ಕೊರೆದು ದುಂಡು ಬಟ್ಟಲನ್ನು ಸೊಟ್ಟ ಮಾಡುತ್ತದೆ. ಮುತ್ಯಾ ಚಾಕುವನ್ನೇ ಹಾಕುತ್ತಿದ್ದ ಎನ್ನುವುದಕ್ಕೆ ಈ ಪೈಪಿನೊಳಗೆ ಮೂರು ಗೆರೆ ಸಾಕ್ಷಿ ಇವೆ.

ಹಕ್ಕಳೆ ಕಟ್ಟುವ ಮೊದಲೇ, ಅಂದರೆ ಪೈಪು ಹೊಸದಿದ್ದಾಗ, ಜೋರಾಗಿ ಎಳೆದು ಎಳೆದು ಸೇದಿದರೆ ಕಟ್ಟಿಗೆಯೇ ಹೊತ್ತಿಕೊಳ್ಳುತ್ತದೆ. ಮೊದಲು ಹೊರಗೆ ಒಂದು ಕಂದು ಕಲೆ ಕಾಣುತ್ತದೆ. ಅಲ್ಲಿ ಬೆರಳಿಟ್ಟರೆ ಚುರ್ ಎನ್ನುತ್ತದೆ. ಆಮೇಲೆ ತೂತು. ಇದು ವಯಸ್ಸಿನಿಂದ ಆಗುವ ಸವೆತವಲ್ಲ, ಅವಸರದಿಂದ ಆಗುವ ಗಾಯ. ಕಟ್ಟಿಗೆಯೊಳಗೆ ಕಾಣದ ಬಿರುಕೋ ಟೊಳ್ಳೋ ಇದ್ದರೂ ಹೀಗಾಗುತ್ತದೆ.

ಬಟ್ಟಲಿನ ಬಾಯಂಚು ಕಪ್ಪಾಗುವುದು ಬೇರೆ ಕಥೆ. ಅಲ್ಲಿ ಎರಡು ಬಗೆಯ ಕಪ್ಪು ಇರುತ್ತದೆ. ಒಂದು ಹೊಗೆಯ ಮಡ್ಡಿ ಕೂತದ್ದು. ಒದ್ದೆ ಬಟ್ಟೆಯಿಂದ ತಾಳ್ಮೆಯಾಗಿ ಒರೆಸಿದರೆ ಹೋಗುತ್ತದೆ. ಇನ್ನೊಂದು ಕಟ್ಟಿಗೆಯೇ ಸುಟ್ಟದ್ದು. ಅದು ಏನು ಮಾಡಿದರೂ ಹೋಗುವುದಿಲ್ಲ. ಅಷ್ಟು ಕಟ್ಟಿಗೆಯನ್ನೇ ಉಜ್ಜಿ ತೆಗೆಯಬೇಕು, ಆಗ ಪೈಪಿನ ಆಕಾರವೇ ಬದಲಾಗುತ್ತದೆ. ಮುತ್ಯಾನ ಪೈಪಿನ ಅಂಚು ಒಂದು ಕಡೆ ಮಾತ್ರ ಕರಕಲು. ಬೆಂಕಿಕಡ್ಡಿಯನ್ನು ಯಾವಾಗಲೂ ಒಂದೇ ಕಡೆಯಿಂದ ಹಿಡಿದರೆ ಹೀಗಾಗುತ್ತದೆ. ಪ್ಲಾಟ್‌ಫಾರ್ಮಿನ ಗಾಳಿಗೆ ಕೈ ಅಡ್ಡ ಹಿಡಿದು ಹಚ್ಚುತ್ತಿದ್ದನೇನೋ. ಈ ಕರಕಲನ್ನು ನಾನು ಮುಟ್ಟಿಲ್ಲ.

ಇನ್ನು ತೇವದ ವಿಷಯ. ಏನೇ ಉರಿದರೂ ನೀರಿನ ಹಬೆ ಹುಟ್ಟುತ್ತದೆ. ತಂಬಾಕಿನಲ್ಲಿ ಮೊದಲೇ ಸ್ವಲ್ಪ ತೇವ ಇರುತ್ತದೆ. ಬಿಸಿ ಹೊಗೆ ಪೈಪಿನ ಕತ್ತಿಗೆ ಬಂದಾಗ ತಣ್ಣಗಾಗಿ ಹನಿಯಾಗುತ್ತದೆ. ಆ ಹನಿಯಲ್ಲಿ ಮಡ್ಡಿಯೂ ನಿಕೋಟಿನ್ನೂ ಕರಗಿರುತ್ತದೆ. ಅದು ಕಟ್ಟಿಗೆಗೆ ಇಳಿದು ಹುಳಿ ವಾಸನೆ ಹಿಡಿಯುತ್ತದೆ. ಉಪ್ಪಿನಕಾಯಿ ಭರಣಿಯನ್ನು ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲವಲ್ಲ, ಹಾಗೆ. ಇದಕ್ಕಾಗಿ ಪೈಪಿನವರು ಬಟ್ಟಲಿಗೆ ಅರಳೆ ತುಂಬಿ, ಸ್ಪಿರಿಟ್ ಹನಿಸಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ಅರಳೆ ಕಂದಾಗಿರುತ್ತದೆ. ಸ್ಪಿರಿಟ್ ಹೊರಗೆ ಚೆಲ್ಲಿದರೆ ಮಾತ್ರ ಅರಗಿನ ಹೊಳಪು ಕರಗಿಹೋಗುತ್ತದೆ, ಎಚ್ಚರ.

ತೇವಕ್ಕೆ ಕಟ್ಟಿಗೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದನ್ನು ಎಲ್ಲರೂ ನೋಡಿದ್ದೇವೆ. ಪೈಪಿನಲ್ಲಿ ಬಾಯಿಗಿಡುವ ಕೊಳವೆಯ ತುದಿಗೆ ಒಂದು ಸಣ್ಣ ಗೂಟ ಇರುತ್ತದೆ, ಅದು ಕತ್ತಿನ ತೂತಿನಲ್ಲಿ ಕೂರುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ, 42 ಡಿಗ್ರಿಯ ಒಣ ಬಿಸಿಲಿನಲ್ಲಿ, ಮುತ್ಯಾನ ಪೈಪಿನ ಕೊಳವೆ ಸಡಿಲವಾಗಿ ತಾನೇ ಜಾರುತ್ತಿತ್ತು. ಶ್ರಾವಣಕ್ಕೆ ಎಳೆದರೂ ಬರುವುದಿಲ್ಲ. ಸೇದಿದ ಕೂಡಲೇ ಬಿಸಿ ಇರುವಾಗ ಕೊಳವೆ ಎಳೆಯಬಾರದು ಎನ್ನುವುದು ಇದಕ್ಕೇ. ಆಗ ಕಟ್ಟಿಗೆ ತೇವಕ್ಕೆ ಉಬ್ಬಿ ಗೂಟವನ್ನು ಹಿಡಿದಿರುತ್ತದೆ. ಎಳೆದರೆ ಒಂದೋ ಗೂಟ ಮುರಿಯುತ್ತದೆ, ಇಲ್ಲವೇ ಕತ್ತು ಸೀಳುತ್ತದೆ. ಹಳೆ ಪೈಪುಗಳ ಕತ್ತಿನಲ್ಲಿ ಕೂದಲೆಳೆಯ ಬಿರುಕು, ಅದರ ಮೇಲೊಂದು ಬೆಳ್ಳಿ ಉಂಗುರ ಕಂಡರೆ, ಯಾರೋ ಅವಸರ ಮಾಡಿರಬಹುದು ಎಂದು ನಾನು ಮೊದಲು ಅನುಮಾನಪಡುತ್ತೇನೆ.

ಆ ಕೊಳವೆ ಯಾವುದರದ್ದು? ನೋಡಲು ಪ್ಲಾಸ್ಟಿಕ್ಕಿನಂತೆ ಕಂಡರೂ ಹಳೆ ಪೈಪುಗಳಲ್ಲಿ ಅದು ಬಹುತೇಕ ಎಬೊನೈಟ್, ಅಂದರೆ ಗಟ್ಟಿ ರಬ್ಬರು. ರಬ್ಬರಿಗೆ ಗಂಧಕ ಸೇರಿಸಿ ಬೇಯಿಸಿದರೆ ಅದು ಗಟ್ಟಿಯಾಗುತ್ತದೆ. ಟೈರಿಗೆ ಸ್ವಲ್ಪ ಗಂಧಕ ಸಾಕು. ಎಬೊನೈಟಿಗೆ ಮಾತ್ರ ಕಾಲು ಭಾಗಕ್ಕಿಂತಲೂ ಹೆಚ್ಚು ಬೇಕಾಗಬಹುದು. ಆಗ ಅದು ಕರಿ ಕಲ್ಲಿನಂತೆ ಹೊಳಪು ಬರುತ್ತದೆ. ಹಳೆಯ ಫೌಂಟನ್ ಪೆನ್ನುಗಳನ್ನೂ ಇದರಿಂದಲೇ ಮಾಡುತ್ತಿದ್ದರು.

ತೊಂದರೆ ಆ ಗಂಧಕದಲ್ಲೇ ಇದೆ. ಬಿಸಿಲು ಮತ್ತು ಗಾಳಿ ತಾಕಿದಾಗ ಮೇಲ್ಮೈಯ ಗಂಧಕ ಬಿಡಿಸಿಕೊಂಡು ಆಮ್ಲಜನಕದ ಜೊತೆ ಸೇರುತ್ತದೆ. ತೇವವೂ ಸೇರಿದರೆ ಸ್ವಲ್ಪ ಆಮ್ಲವೇ ಹುಟ್ಟುತ್ತದೆ. ಕಪ್ಪು ಕೊಳವೆ ಮೊದಲು ಮಂಕಾಗಿ, ಆಮೇಲೆ ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ನಾಲಗೆಗೆ ಕಹಿ. ಒಣ ಕೈಯಿಂದ ಉಜ್ಜಿದರೆ ಸುಟ್ಟ ರಬ್ಬರಿನ ವಾಸನೆ. ಕಿಟಕಿ ಪಕ್ಕ ಇಟ್ಟ ಪೈಪಿನಲ್ಲಿ ಬಿಸಿಲಿನ ಕಡೆ ಮುಖ ಮಾಡಿದ ಭಾಗ ಮಾತ್ರ ಕಂದಾಗಿರುವುದೂ ಉಂಟು.

ಇದು ಮಾಲಲ್ಲ, ಹಾಳು. ನನ್ನ ತೀರ್ಮಾನದಲ್ಲಿ ಧೈರ್ಯವಾಗಿ ತೆಗೆಯಬಹುದಾದ ಪದರ ಇದೊಂದೇ. ಆದರೂ ಬೆಲೆ ತೆರಬೇಕು. ಕಂದು ಪದರ ಕೊಳವೆಯ ಮೇಲೆ ಕೂತ ಧೂಳಲ್ಲ. ಕೊಳವೆಯೇ ಹಾಗೆ ಬದಲಾಗಿದೆ. ನೀರು ಹಚ್ಚಿ ತೀರ ನಯವಾದ ಉಜ್ಜು ಕಾಗದದಿಂದ ತಿಕ್ಕಿದಾಗ ಅಷ್ಟು ರಬ್ಬರು ಹೋಗುತ್ತದೆ, ಜೊತೆಗೆ ಅದರ ಮೇಲೆ ಒತ್ತಿದ್ದ ಕಂಪನಿಯ ಗುರುತೂ ಹೋಗುತ್ತದೆ. ಗುರುತು ಇರುವ ಜಾಗ ಬಿಟ್ಟು ತಿಕ್ಕುವುದೇ ಜಾಣತನ. ಬಿಸಿನೀರಿನಲ್ಲಿ ಅದ್ದಬಾರದು, ಕಂದು ಇನ್ನೂ ಎದ್ದು ಬರುತ್ತದೆ. ಆಮೇಲೆ ಕತ್ತಲಲ್ಲಿ ಇಟ್ಟರೆ ಬಹಳ ದಿನ ಕಪ್ಪಾಗಿಯೇ ಇರುತ್ತದೆ. ಮುತ್ಯಾನ ಟ್ರಂಕು ಅಷ್ಟರಮಟ್ಟಿಗೆ ಪುಣ್ಯ ಕಟ್ಟಿಕೊಂಡಿದೆ.

ಈಗಿನ ಅಕ್ರಿಲಿಕ್ ಕೊಳವೆಗಳಿಗೆ ಈ ರೋಗವಿಲ್ಲ. ಆದರೆ ಅವು ಹಲ್ಲಿಗೆ ಗಡುಸು, ಸ್ಪಿರಿಟ್ ತಾಗಿದರೆ ಸಣ್ಣ ಸಣ್ಣ ಬಿರುಕು ಬಿಡುತ್ತವೆ.

ಕೊಳವೆಯ ತುದಿಯಲ್ಲಿ ಹಲ್ಲಿನ ಗುರುತು ಇರುತ್ತದೆ. ಎಬೊನೈಟಿಗೆ ಒಂದು ವಿಚಿತ್ರ ಗುಣ. ಮೆಲ್ಲಗೆ ಬಿಸಿ ಮಾಡಿದರೆ ಅದು ತನ್ನ ಹಳೆಯ ಆಕಾರ ನೆನಪು ಮಾಡಿಕೊಂಡು ತಗ್ಗನ್ನು ಮೇಲೆತ್ತುತ್ತದೆ. ಮೇಣದಬತ್ತಿಯ ಮೇಲೆ ದೂರದಿಂದ ಆಡಿಸಿದರೆ ಕಣ್ಣೆದುರೇ ತಗ್ಗು ತುಂಬುತ್ತದೆ. ತೂತು ಬಿದ್ದಿದ್ದರೆ ಮಾತ್ರ ಏನೂ ಆಗದು.

ಸವೆಯುವುದು ಪೈಪು ಒಂದೇ ಅಲ್ಲ. ಯುರೋಪಿನಲ್ಲಿ ಒಂದು ಕಾಲಕ್ಕೆ ಬಿಳಿ ಮಣ್ಣಿನ ಉದ್ದ ಪೈಪು ಸೇದುತ್ತಿದ್ದರು. ಸುಟ್ಟ ಮಣ್ಣು ಅರದ ಹಾಗೆ. ಹಗಲೆಲ್ಲ ಹಲ್ಲಲ್ಲಿ ಕಚ್ಚಿ ಕೆಲಸ ಮಾಡುತ್ತಿದ್ದವರ ಮೇಲಿನ ಹಲ್ಲು, ಕೆಳಗಿನ ಹಲ್ಲು ಎರಡೂ ಸವೆದು, ಬಾಯಿ ಮುಚ್ಚಿದರೂ ಪೈಪು ತೂರುವಷ್ಟು ದುಂಡು ಕಿಂಡಿ ಬೀಳುತ್ತಿತ್ತು. ಹಳೆ ಸ್ಮಶಾನಗಳನ್ನು ಅಗೆದವರಿಗೆ ಇಂಥ ಹಲ್ಲಿನ ಅಸ್ಥಿಪಂಜರಗಳು ಸಿಕ್ಕಿವೆ. ಆ ಮಣ್ಣಿನ ಪೈಪುಗಳು ಬೇಗ ಮುರಿಯುತ್ತಿದ್ದವು, ಹೋದಲ್ಲೆಲ್ಲ ತುಂಡು ಬೀಳುತ್ತಿದ್ದವು. 1954ರಲ್ಲಿ ಜೆ. ಸಿ. ಹ್ಯಾರಿಂಗ್ಟನ್ ಎಂಬ ಅಮೆರಿಕದ ಪುರಾತತ್ವಜ್ಞ ಒಂದು ಸಂಗತಿ ಗಮನಿಸಿದರು. ಕಾಲ ಕಳೆದಂತೆ ಕೊಳವೆಯೊಳಗಿನ ತೂತು ಸಣ್ಣದಾಗುತ್ತ ಬಂದಿದೆ. 1600ರ ಸುಮಾರಿಗೆ ಅಂಗುಲದ 64ರಲ್ಲಿ 9 ಭಾಗ ಇದ್ದದ್ದು 1700ರ ದಶಕದ ಕೊನೆಗೆ 4 ಭಾಗಕ್ಕೆ ಇಳಿದಿದೆ. ಹಾಗಾಗಿ ಒಂದು ಬುಟ್ಟಿ ಮುರಿದ ತುಂಡು ಸಿಕ್ಕರೆ, ಡ್ರಿಲ್ ಬಿಟ್ಟಿನಿಂದ ತೂತು ಅಳೆದು ಆ ಜಾಗದ ಕಾಲವನ್ನು ಅಂದಾಜು ಮಾಡುತ್ತಾರೆ. ಕಸಕ್ಕೂ ಕೆಲಸ ಕೊಟ್ಟ ಪುಣ್ಯಾತ್ಮ.

ನಮ್ಮ ಚಿಲುಮಿಯೂ ಸುಟ್ಟ ಮಣ್ಣೇ, ಆದರೆ ಅದನ್ನು ಹಲ್ಲಲ್ಲಿ ಕಚ್ಚುವುದಿಲ್ಲ. ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಮುಷ್ಟಿಯಲ್ಲಿ ಹಿಡಿದು ಎಳೆಯುತ್ತಾರೆ. ಹಾಗಾಗಿ ಅದರ ಬಾಯಿ ತುದಿ ಸವೆಯುವುದು ಕಡಿಮೆ, ಕೈ ಹಿಡಿಯುವ ಜಾಗ ಎಣ್ಣೆ ಹಚ್ಚಿದಂತೆ ನುಣುಪಾಗುತ್ತದೆ. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಮಡಕೆ ನೀರು ತಣ್ಣಗಾಗುವುದು ಆ ರಂಧ್ರಗಳಿಂದಲೇ. ಅದೇ ರಂಧ್ರಗಳು ಮಡ್ಡಿಯನ್ನು ಹೀರುತ್ತವೆ. ಚಿಲುಮಿ ಒಳಗಿನಿಂದ ಹೊರಕ್ಕೆ ಕಪ್ಪಾಗುತ್ತ ಬಂದು ಕೊನೆಗೆ ಕಟ್ಟಿಕೊಳ್ಳುತ್ತದೆ. ಇದಕ್ಕೆ ಔಷಧ ಸುಲಭ. ಒಲೆಯ ಕೆಂಡದಲ್ಲಿ ಹೂತಿಟ್ಟರೆ ಮಡ್ಡಿಯೆಲ್ಲ ಸುಟ್ಟು ಚಿಲುಮಿ ಮತ್ತೆ ಕೆಂಪಗೆ ಬರುತ್ತದೆ. ಬಿಸಿ ಇರುವಾಗ ನೀರು ತಾಗಿಸಿದರೆ ಮಾತ್ರ ಟಪ್ ಎಂದು ಸೀಳುತ್ತದೆ. ಯುರೋಪಿನವರೂ ಬಿಳಿ ಪೈಪುಗಳನ್ನು ಹೀಗೇ ಬೆಂಕಿಗೆ ಹಾಕಿ ಬೆಳ್ಳಗೆ ಮಾಡುತ್ತಿದ್ದರು. ಕಟ್ಟಿಗೆಯ ಪೈಪಿಗೆ ಈ ವೈದ್ಯ ಮಾಡಿದರೆ ಉಳಿಯುವುದು ಬೂದಿ.

ಮೀರ್‌ಶಾಮ್ ಬಗ್ಗೆಯೂ ಒಂದು ಮಾತು. ಇದು ಟರ್ಕಿಯ ಎಸ್ಕಿಶೆಹಿರ್ ಕಡೆ ನೆಲದಿಂದ ತೆಗೆಯುವ ಹಗುರ ಬಿಳಿ ಖನಿಜ. ಒಣಗಿದ ತುಂಡು ನೀರಿನ ಮೇಲೆ ತೇಲುತ್ತದೆ. ಅದರಲ್ಲಿ ಕೆತ್ತಿದ ಪೈಪಿಗೆ ಜೇನುಮೇಣ ಕುಡಿಸುತ್ತಾರೆ. ಸೇದಿದಂತೆಲ್ಲ ಹೊಗೆಯ ಬಣ್ಣ ಮೇಣದ ಜೊತೆ ಹೊರಕ್ಕೆ ಬಂದು ಬಿಳಿ ಪೈಪು ಹಳದಿ, ಜೇನು, ಕೊನೆಗೆ ಗಾಢ ಕಂದು ಆಗುತ್ತದೆ. ಬಣ್ಣ ಏರಿದಷ್ಟೂ ಮಾಲೀಕನಿಗೆ ಹೆಮ್ಮೆ. ಇದರೊಳಗೆ ಮಾತ್ರ ಹಕ್ಕಳೆ ಕಟ್ಟಲು ಬಿಡಬಾರದು, ಕಲ್ಲು ಸೀಳುತ್ತದೆ. ನಮ್ಮ ಟ್ರಂಕಿನಲ್ಲಿ ಅದಿರಲಿಲ್ಲ, ಮುಂದೆ ಹೋಗೋಣ.

ಬಿದ್ರಿಗೆ ಬರೋಣ. ತಂಬಾಕು ದಖ್ಖನಿಗೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ನಮ್ಮ ಪಕ್ಕದ ವಿಜಯಪುರದಲ್ಲಿ ತಂಬಾಕು ನೋಡಿ, ಹಿಂದೆಂದೂ ಕಂಡಿರದ ವಸ್ತು ಎಂದು ಅಕ್ಬರನಿಗೆ ಕೊಂಡೊಯ್ದ. ಜೊತೆಗೆ ರತ್ನ ಕೂರಿಸಿದ ಸೇದುವ ಕೊಳವೆಯನ್ನೂ ಮಾಡಿಸಿದ್ದ. ಬಹಮನಿಗಳ ಆಳ್ವಿಕೆ ಅದಕ್ಕಿಂತ ಎಷ್ಟೋ ಮೊದಲೇ ಮುಗಿದಿತ್ತು. ಆದ್ದರಿಂದ ಯಾರಾದರೂ "ಇದು ಬಹಮನಿ ಕಾಲದ ಹುಕ್ಕಾ" ಎಂದು ಮಾರಲು ಬಂದರೆ ನಕ್ಕು ಮುಂದೆ ನಡೆಯಿರಿ. ಹಳೆಯ ಬುಡಗಳು ಸಾಮಾನ್ಯವಾಗಿ ಚೆಂಡಿನಂತೆ ದುಂಡಗಿರುತ್ತವೆ, ಕೂರಿಸಲು ಕೆಳಗೆ ಉಂಗುರ ಬೇಕು. ಗಂಟೆಯಾಕಾರದವು ಆಮೇಲಿನವು. ನಮ್ಮದು ಗಂಟೆಯಾಕಾರದ್ದು.

ಬಿದ್ರಿಯ ಲೋಹದಲ್ಲಿ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಸಾಮಾನ್ಯವಾಗಿ 16ಕ್ಕೆ 1 ಎನ್ನುತ್ತಾರೆ. ಎರಕ ಹೊಯ್ದು, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಚಿತ್ತಾರ ಕೊರೆದು, ಬೆಳ್ಳಿ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಕೊನೆಯದು ಬೀದರ್ ಕೋಟೆಯ ಮಣ್ಣು. ಬಿಸಿಲು ಮಳೆ ತಾಗದ ಹಳೆ ಜಾಗದ ಮಣ್ಣನ್ನು ನಾಲಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಅದಕ್ಕೆ ನವಸಾಗರ ಸೇರಿಸಿ ನೀರಿನಲ್ಲಿ ಕುದಿಸಿ ಸಾಮಾನನ್ನು ಅದರಲ್ಲಿ ಆಡಿಸಿದರೆ ಲೋಹ ಕಡುಗಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಬರೀ ಸತುವಿಗೆ ಈ ಕಪ್ಪು ಬರುವುದಿಲ್ಲ. ಜೊತೆಗಿರುವ ಆ ಚೂರು ತಾಮ್ರವೇ ಇಲ್ಲಿ ಮುಖ್ಯ.

ಈ ಕಪ್ಪು ಬಣ್ಣ ಬಳಿದದ್ದಲ್ಲ, ಲೋಹದ ಮೇಲ್ಮೈಯೇ ಬದಲಾಗಿ ಆದದ್ದು. ಆದರೆ ತೀರ ತೆಳು. ಕೈ ತಾಗಿ ತಾಗಿ ಬೂದಾಗುತ್ತದೆ. ಕತ್ತಿನ ಭಾಗ, ಹಿಡಿದೆತ್ತುವ ಜಾಗ ಮೊದಲು ಮಾಸುತ್ತದೆ. ಇತ್ತ ಬೆಳ್ಳಿ ಗಾಳಿಯಲ್ಲಿರುವ ಗಂಧಕ ತಾಗಿ ಕಪ್ಪಾಗುತ್ತದೆ. ತಮಾಷೆ ನೋಡಿ: ಕಪ್ಪಾಗಿರಬೇಕಾದದ್ದು ಬೆಳ್ಳಗೆ, ಬೆಳ್ಳಗಿರಬೇಕಾದದ್ದು ಕಪ್ಪಗೆ. ನಡುವೆ ಚಿತ್ತಾರ ಮಾಯ. ಒಳಗಡೆ ನೀರು ನಿಂತು ಸತು ತುಕ್ಕು ಹಿಡಿದು ಸುಣ್ಣದಂಥ ಬಿಳಿ ಪುಡಿ ಏಳುತ್ತದೆ.

ಹುಣಸೆಹಣ್ಣಿನ ಹುಳಿ ಹಿತ್ತಾಳೆಯ ಮೇಲಿನ ಮಂಕು ಪದರವನ್ನು ಕರಗಿಸುತ್ತದೆ, ಕೆಳಗಿನ ಲೋಹ ಹೊಳೆಯುತ್ತದೆ. ಹಿತ್ತಾಳೆಗೆ ಅದು ಸರಿ. ಸತು ಹುಳಿಯನ್ನು ತಡೆಯುವುದೇ ಇಲ್ಲ. ನಿಂಬೆ, ಮಜ್ಜಿಗೆ, ಬೆಳ್ಳಿ ಪಾಲಿಶ್ ಪುಡಿ ಎಲ್ಲವೂ ಇದಕ್ಕೆ ಶತ್ರುಗಳೇ. ಬಿದ್ರಿಗೆ ಬೇಕಾದದ್ದು ಮೆತ್ತನೆ ಒಣ ಬಟ್ಟೆ, ಆಗಾಗ ಒಂದು ಹನಿ ಕೊಬ್ಬರಿ ಎಣ್ಣೆ. ಅಷ್ಟೆ.

ಬೀದರ್‌ನ ಆ ಹಿರಿಯರು ನನ್ನ ಬುಡವನ್ನು ಮತ್ತೆ ಕೋಟೆ ಮಣ್ಣಿನ ನೀರಿಗೆ ಹಾಕಿ ಕೊಟ್ಟರು. 2023ರಲ್ಲಿ ಅದೇ ಊರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದ ಸುದ್ದಿ ಓದಿದಾಗಲೇ ನಾನು ಈ ಟ್ರಂಕು ತೆರೆದು ಅವರಂಥ ಯಾರನ್ನಾದರೂ ಕೇಳಬೇಕಿತ್ತು. ಹೊಸ ಕಪ್ಪು ಛಲೋ ಬಂದಿದೆ. ಆದರೆ ಹಳೆಯ ಕಪ್ಪಿನಲ್ಲಿದ್ದ, ಕೈ ತಾಗಿ ಬಂದ ಮೆದು ಹೊಳಪು ಇದರಲ್ಲಿಲ್ಲ. ಅದು ಬರಲು ಇನ್ನೆಷ್ಟು ಕೈ ತಾಗಬೇಕೋ.

ಸೇದುವ ವಿಷಯ ಬೇರೆ. ಪೈಪಾಗಲಿ ಗುಡಗುಡಿಯಾಗಲಿ, ಒಳಗೆ ಕೂತ ಮಡ್ಡಿ ಎಂಥದ್ದು ಎಂದು ಸ್ಪಿರಿಟ್ ಅರಳೆ ನೋಡಿದವರಿಗೆ ಗೊತ್ತು, ಅದರ ಇನ್ನೊಂದು ಪಾಲು ಎದೆಗೆ ಇಳಿದಿರುತ್ತದೆ. ನೀರಿನಲ್ಲಿ ಗುಡುಗುಡಿಸಿ ಬಂದ ಹೊಗೆಯೂ ಸೋಸಿ ಶುದ್ಧವಾಗುವುದಿಲ್ಲ. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಹುಕ್ಕಾವನ್ನು ನಿಷೇಧಿಸಿದೆ. ಮುತ್ಯಾನ ಕೆಮ್ಮು ನನಗಿನ್ನೂ ಕಿವಿಯಲ್ಲಿದೆ. ಹಳೆ ಪೈಪನ್ನು ಮಕ್ಕಳ ಕೈಗೆ ಆಡಲು ಕೊಡಬೇಡಿ, ಅದರಲ್ಲಿ ನಿಕೋಟಿನ್ ಉಳಿದಿರುತ್ತದೆ.

ಈಗ ಪೈಪು ಮತ್ತು ಚಿಲುಮಿ ಮತ್ತೆ ಟ್ರಂಕಿಗೆ ಹೋಗಿವೆ. ಕೊಳವೆಯನ್ನು ಬೇರೆ ಮಾಡಿ, ಹತ್ತಿ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಬಿದ್ರಿ ಬುಡವನ್ನು ಮಾತ್ರ ಅಲಮಾರಿಯ ಮೇಲೆ, ಅವ್ವನ ಕೈಗೆ ಎಟುಕದಷ್ಟು ಎತ್ತರದಲ್ಲಿ ಇಟ್ಟೆ. ಅದನ್ನು ಕಂಡು ಅವ್ವ, "ಹಚ್ಚಿದವ ನೀ, ಅಡಗಿಸಿ ಇಡೂದು ನನ್ನಿಂದೇನು?" ಎಂದಳು.